ಚಂದ್ರನ ಮಣ್ಣು ಮುಂಬಯಿಗೆ ಬಂದ ಬಗೆ: ಮಾನವಸಹಿತ ಚಂದ್ರಯಾನದ ಒಂದು ಕವಲು

ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟದ್ದು 1969ರ ಜುಲೈ 20ರ ರಾತ್ರಿ ಎಂದು ಬಹಳಷ್ಟು ಪುಸ್ತಕಗಳು ಹೇಳುತ್ತವೆ. ಅದು ಅಮೆರಿಕದ ಗಡಿಯಾರದ ಲೆಕ್ಕ. ಭಾರತದಲ್ಲಿ ಆಗ ಜುಲೈ 21, ಸೋಮವಾರ, ಬೆಳಿಗ್ಗೆ 8 ಗಂಟೆ 26 ನಿಮಿಷ. ಕಲ್ಯಾಣ, ಡೊಂಬಿವಲಿ, ಥಾಣೆಗಳಿಂದ ಮುಂಬಯಿಯ ವಿ.ಟಿ. ನಿಲ್ದಾಣದ ಕಡೆಗೆ ಹೊರಟ ಲೋಕಲ್ ಗಾಡಿಗಳಲ್ಲಿ ಕಾಲಿಡಲು ಜಾಗವಿಲ್ಲದ ಹೊತ್ತು, ಮೇಲಾಗಿ ಮಳೆಗಾಲ. ಮನೆಯಲ್ಲೇ ಉಳಿದವರಿಗೂ ನೋಡಲು ಏನೂ ಇರಲಿಲ್ಲ. ಮುಂಬಯಿಯಲ್ಲಿ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಪುಣೆ ಬಳಿಯ ಆರ್ವಿಯ ಉಪಗ್ರಹ ಭೂಕೇಂದ್ರವೂ ಇನ್ನೂ ಕೆಲಸ ಆರಂಭಿಸಿರಲಿಲ್ಲ. ರೇಡಿಯೊ ಬಿಟ್ಟರೆ ಪತ್ರಿಕೆಯೇ ಗತಿ.

ಪತ್ರಿಕೆಗಳಲ್ಲೂ ಚಂದ್ರನಿಗೆ ಪೈಪೋಟಿಯಿತ್ತು. ಎರಡು ದಿನ ಮೊದಲು, ಜುಲೈ 19ರಂದು, ಕೇಂದ್ರ ಸರಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಿಸಿತ್ತು. ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ನಮ್ಮ ಕರಾವಳಿಯಲ್ಲಿ ಹುಟ್ಟಿದವು. ಆ ವಾರ ಮುಂಬಯಿಯ ಕನ್ನಡ, ತುಳು, ಕೊಂಕಣಿ ಮನೆಗಳಲ್ಲಿ ಮಗನ ಬ್ಯಾಂಕ್ ನೌಕರಿಯ ಮಾತೇ ಚಂದ್ರನ ಮಾತಿಗಿಂತ ಜೋರಾಗಿದ್ದರೆ ಅಚ್ಚರಿಯಿಲ್ಲ.

ಆರ್ಮ್‌ಸ್ಟ್ರಾಂಗ್ ಸೇರಿ ಅಪೋಲೊ 11ರ ಮೂವರು ಯಾತ್ರಿಗಳು ವಿಶ್ವಪ್ರವಾಸದ ನಡುವೆ 1969ರ ಅಕ್ಟೋಬರ್ 26ರಂದು ಮುಂಬಯಿಗೂ ಬಂದುಹೋದರು. ಈ ನಗರಕ್ಕೂ ಚಂದ್ರಯಾನಕ್ಕೂ ಇರುವ ನಂಟು ಎಂದಾಗ ನೆನಪಾಗುವುದು ಆ ಭೇಟಿ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮಹತ್ವದ್ದು, ಸದ್ದುಗದ್ದಲವಿಲ್ಲದೆ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ (ಟಿಐಎಫ್ಆರ್) ಬಂದು ಸೇರಿದ ಚಂದ್ರನ ಮಣ್ಣಿನ ಕಣಗಳು.

ಟಿಐಎಫ್ಆರ್‌ನ ಮೂಲ ಬೆಂಗಳೂರಿನಲ್ಲಿದೆ. ಹೋಮಿ ಭಾಭಾ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ನಡೆಸುತ್ತಿದ್ದರು. 1945ರಲ್ಲಿ ಹೊಸ ಸಂಸ್ಥೆ ಅಲ್ಲೇ ಕಣ್ಣುಬಿಟ್ಟು, ಅದೇ ವರ್ಷದ ಕೊನೆಗೆ ಮುಂಬಯಿಗೆ ಬಂತು. ಬಾಹ್ಯಾಕಾಶದಿಂದ ಸುರಿಯುವ ಈ ಕಣಗಳ ಬೆನ್ನುಹತ್ತಿದ ಸಂಸ್ಥೆ ಬಲೂನುಗಳನ್ನು ಆಕಾಶಕ್ಕೆ ಹಾರಿಸಿತು, ಕೋಲಾರದ ಚಿನ್ನದ ಗಣಿಯ ಆಳಕ್ಕೂ ಉಪಕರಣ ಇಳಿಸಿತು. ಗಣಿಯ ಕೆಲಸದಲ್ಲಿ ಮುಂಚೂಣಿಯಲ್ಲಿದ್ದವರು ನಂಜನಗೂಡಿನ ಬಿ.ವಿ. ಶ್ರೀಕಂಠನ್, ಮುಂದೆ ಅವರೇ ಸಂಸ್ಥೆಯ ನಿರ್ದೇಶಕರಾದರು. ಅಪೋಲೊ ವರ್ಷಗಳಲ್ಲಿ ನಿರ್ದೇಶಕರಾಗಿದ್ದ ಎಂ.ಜಿ.ಕೆ. ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ. ಆದರೆ ಚಂದ್ರನ ಮಣ್ಣಿಗೆ ಕೈಹಾಕಿದವರು 1949ರಲ್ಲಿ ಸಂಸ್ಥೆ ಸೇರಿದ್ದ ವಾರಾಣಸಿಯ ದೇವೇಂದ್ರ ಲಾಲ್ ಮತ್ತು ಅವರ ತಂಡ.

ಈ ತಂಡ ಅಪೋಲೊಗೆ ಮೊದಲೇ ಉಲ್ಕಾಶಿಲೆಗಳಲ್ಲಿ ಕಾಸ್ಮಿಕ್ ಕಿರಣಗಳ ಗುರುತು ಹುಡುಕುತ್ತಿತ್ತು. ಕಬ್ಬಿಣದಂಥ ಭಾರವಾದ ಪರಮಾಣು ಬೀಜವೊಂದು ಖನಿಜದ ಹರಳಿನೊಳಗೆ ನುಗ್ಗಿದರೆ ತಾನು ಹಾದ ದಾರಿಯುದ್ದಕ್ಕೂ ಪರಮಾಣುಗಳ ಜೋಡಣೆಯನ್ನು ಕೆಡಿಸಿಬಿಡುತ್ತದೆ. ಬರಿಗಣ್ಣಿಗೆ ಅದು ಕಾಣದು. ಹರಳನ್ನು ರಾಳದಲ್ಲಿ ಕೂರಿಸಿ, ಉಜ್ಜಿ ನುಣುಪು ಮಾಡಿ, ರಾಸಾಯನಿಕದಲ್ಲಿ ಅದ್ದಬೇಕು. ಫೆಲ್ಡ್‌ಸ್ಪಾರ್ ಆದರೆ ಕುದಿಯುವ ಕಾಸ್ಟಿಕ್ ಸೋಡಾ ಸಾಕು. ಕೆಟ್ಟ ದಾರಿ ಉಳಿದ ಭಾಗಕ್ಕಿಂತ ಬೇಗ ಕರಗಿ, ಸೂಜಿಯಿಂದ ಚುಚ್ಚಿದಂತೆ ಸಣ್ಣ ಗೀರಾಗಿ ಸೂಕ್ಷ್ಮದರ್ಶಕದಲ್ಲಿ ಮೂಡುತ್ತದೆ. ಉದ್ದ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿನ ಆಸುಪಾಸು. ಆಮೇಲಿನ ಕೆಲಸ ಗೀರುಗಳನ್ನು ಎಣಿಸುವುದು. ಆಳಕ್ಕೆ ಇಳಿದಂತೆ ಗೀರುಗಳು ಹೇಗೆ ಕಡಿಮೆಯಾಗುತ್ತವೆ ಎಂಬುದು ಗೊತ್ತಾದರೆ, ಆ ಕಲ್ಲು ಎಷ್ಟು ಕಾಲ ಆಕಾಶಕ್ಕೆ ಮೈಯೊಡ್ಡಿ ಬಿದ್ದಿತ್ತು ಎಂದು ಲೆಕ್ಕ ಹಾಕಬಹುದು.

ಉಲ್ಕಾಶಿಲೆಗಳಲ್ಲಿ ಒಂದು ಕೊರತೆಯಿತ್ತು. ವಾತಾವರಣದಲ್ಲಿ ಉರಿದು ಬರುವಾಗ ಅವುಗಳ ಹೊರಪದರ ಕರಗಿಹೋಗುತ್ತದೆ. ಸೂರ್ಯನ ಸ್ಫೋಟಗಳಿಂದ ಬರುವ ಕಡಿಮೆ ಶಕ್ತಿಯ ಕಣಗಳು ತಮ್ಮ ಗುರುತು ಬಿಡುವುದು ಸರಿಯಾಗಿ ಆ ಪದರದಲ್ಲೇ. ಚಂದ್ರನಿಗೆ ಗಾಳಿಯ ಹೊದಿಕೆಯಿಲ್ಲ, ಇಡೀ ಗೋಳವನ್ನು ಕಾಯುವ ಕಾಂತಕ್ಷೇತ್ರವೂ ಇಲ್ಲ. ಸೂರ್ಯನ ಹಳೆಯ ಲೆಕ್ಕಪುಸ್ತಕ ಅಲ್ಲಿ ಹರಿಯದೆ ಉಳಿದಿದೆ. ಅಪೋಲೊ ಶಿಲೆಗಳ ಮೇಲೆ ಲಾಲ್ ಅವರ ತಂಡಕ್ಕೆ ಆಸೆ ಹುಟ್ಟಿದ್ದು ಇದರಿಂದ.

ಅಪೋಲೊ 11ರ ಮಾದರಿಗಳ ಬಗ್ಗೆ ಲಾಲ್ ಮೊದಲು ಪ್ರಕಟಿಸಿದ್ದು ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯ ಸಹೋದ್ಯೋಗಿಗಳ ಜತೆ. 1971ರ ಜನವರಿಯಲ್ಲಿ ಹೂಸ್ಟನ್‌ನಲ್ಲಿ ನಡೆದ ಎರಡನೆಯ ಚಾಂದ್ರವಿಜ್ಞಾನ ಸಮ್ಮೇಳನದ ಸಂಪುಟದಲ್ಲಿ ಮುಂಬಯಿಯ ತಂಡದವೇ ಲೇಖನಗಳಿವೆ, ಲೇಖಕರು ಭಂಡಾರಿ, ಭಟ್, ಲಾಲ್, ರಾಜಗೋಪಾಲನ್, ತಮ್ಹಾಣೆ, ವೆಂಕಟವರದನ್. ಚಂದ್ರನ ಮಣ್ಣಿನ ಅನೇಕ ಕಣಗಳಲ್ಲಿ ಚದರ ಸೆಂಟಿಮೀಟರಿಗೆ 10 ಕೋಟಿಗೂ ಮೀರಿದ ಗೀರುಗಳು ಸಿಗುತ್ತವೆ. ಈಗ ಆಳದಲ್ಲಿರುವ ಕಣಗಳಲ್ಲೂ ಅಷ್ಟೇ ದಟ್ಟಣೆ ಕಂಡರೆ, ಅವು ಹಿಂದೊಮ್ಮೆ ಮೇಲ್ಮೈಯಲ್ಲಿ ಇದ್ದವು ಎಂದೇ ಅರ್ಥ. ಚಂದ್ರನ ನೆಲ ನಿಶ್ಚಲವಲ್ಲ, ಉಲ್ಕೆಗಳ ಹೊಡೆತಕ್ಕೆ ಸಿಕ್ಕಿ ಮೇಲೆ ಕೆಳಗೆ ಕಲಸುತ್ತಲೇ ಇರುತ್ತದೆ ಎಂಬ ತಿಳಿವಳಿಕೆ ಗಟ್ಟಿಗೊಂಡದ್ದು ಇಂಥ ಎಣಿಕೆಗಳಿಂದ.

ಇದಕ್ಕೆಲ್ಲ ಮನುಷ್ಯನೇ ಹೋಗಬೇಕಿತ್ತೇ? 1969ರಿಂದ 1972ರವರೆಗೆ ಆರು ಯಾನಗಳಲ್ಲಿ 12 ಮಂದಿ ಚಂದ್ರನ ಮೇಲೆ ನಡೆದು ಒಟ್ಟು 382 ಕಿಲೊ ಕಲ್ಲು ಮಣ್ಣು ತಂದರು. ಸೋವಿಯತ್ತಿನ ಮೂರು ಲೂನಾ ಯಂತ್ರನೌಕೆಗಳು ತಂದದ್ದು ಎಲ್ಲ ಸೇರಿ ಅರ್ಧ ಕಿಲೊಗೂ ಕಡಿಮೆ. ತೂಕಕ್ಕಿಂತ ಮುಖ್ಯವಾದದ್ದು ದಾಖಲೆ. ಗೀರು ಎಣಿಸುವವನಿಗೆ ಕಲ್ಲಿನ ಯಾವ ಮೈ ಆಕಾಶದತ್ತ ಇತ್ತು ಎಂಬುದು ತಿಳಿಯಲೇಬೇಕು. ಯಾತ್ರಿಗಳು ಕಲ್ಲು ಎತ್ತುವ ಮೊದಲು ಫೋಟೊ ತೆಗೆಯುವ ಪದ್ಧತಿ ಅದಕ್ಕೆ ಒದಗಿತು. ಆಳದ ಮಣ್ಣು ತೆಗೆಯುವುದು ಸುಲಭವಿರಲಿಲ್ಲ. ಅಪೋಲೊ 11ರಲ್ಲಿ ಆರ್ಮ್‌ಸ್ಟ್ರಾಂಗ್ ಜತೆಗಾರ ಆಲ್ಡ್ರಿನ್ ಸುತ್ತಿಗೆಯಿಂದ ಬಡಿದರೂ ಮಣ್ಣು ತೆಗೆಯುವ ಕೊಳವೆ ಗೇಣಿನಷ್ಟು ಆಳಕ್ಕೂ ಸರಿಯಾಗಿ ಇಳಿಯಲಿಲ್ಲ. ಅಪೋಲೊ 15ರಲ್ಲಿ ಡೇವಿಡ್ ಸ್ಕಾಟ್ ಯಂತ್ರದ ಬೈರಿಗೆ ಹಿಡಿದು ಹೆಣಗಾಡಿ ಎರಡು ಮೀಟರಿಗೂ ಮಿಕ್ಕಿದ ಮಣ್ಣಿನ ಕಂಬವನ್ನು ಪದರ ಕದಡದೆ ಕಿತ್ತು ತಂದರು. ಇನ್ನು ಕಲ್ಲುಗಳ ಪೆಟ್ಟಿಗೆ ಪೂರ್ತಿ ತುಂಬಿಲ್ಲವೆಂದು ಆರ್ಮ್‌ಸ್ಟ್ರಾಂಗ್ ಹೊರಡುವ ಮುನ್ನ ಸುರಿದ ಕೆಲವು ಸಲಿಕೆ ಮಣ್ಣು ಎಲ್ಲಕ್ಕಿಂತ ಹೆಚ್ಚು ಅಧ್ಯಯನಗೊಂಡ ಮಾದರಿಗಳಲ್ಲಿ ಒಂದಾಯಿತು. ಧ್ವಜ ನೆಟ್ಟ ಚಿತ್ರಕ್ಕಿಂತ ಈ ಸಲಿಕೆ ಮಣ್ಣೇ ಮಾನವಯಾನದ ಪರವಾಗಿ ನಾನು ಎತ್ತಿ ಹೇಳಬಯಸುವ ಸಾಕ್ಷಿ.

1972ರಲ್ಲಿ ಲಾಲ್ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾದರು. ಚಂದ್ರನ ಕೆಲಸವೂ ಅವರ ಬೆನ್ನಿಗೇ ಗುಜರಾತಿಗೆ ಹೋಯಿತು. ಅದೇ ಡಿಸೆಂಬರಿನಲ್ಲಿ ಅಪೋಲೊ 17 ಮರಳಿ, ಆ ಸರಣಿಯೇ ಮುಗಿಯಿತು. ತಂಡದವರೆಲ್ಲ ಒಂದೇ ದಾರಿ ಹಿಡಿಯಲಿಲ್ಲ. ವೆಂಕಟವರದನ್ ಮುಂದೆ ವರ್ಲಿಯ ನೆಹರು ತಾರಾಲಯದ ನಿರ್ದೇಶಕರಾದರು. 1977ರಲ್ಲಿ ತೆರೆದ ಆ ಗುಮ್ಮಟದ ಕೆಳಗೆ ಕತ್ತೆತ್ತಿ ಕೂತ ಮಕ್ಕಳಲ್ಲಿ ಥಾಣೆ, ಡೊಂಬಿವಲಿ, ವಾಶಿಗಳಿಂದ ಶಾಲೆಯ ಬಸ್ಸಿನಲ್ಲಿ ಬಂದವರೂ ಇದ್ದಾರೆ. ಆಕಾಶ ತೋರಿಸುವ ಕೇಂದ್ರವನ್ನು ನಡೆಸಿದವರು ಚಂದ್ರನ ಮಣ್ಣಿನಲ್ಲಿ ಗೀರು ಎಣಿಸಿದವರೆಂದು ಆ ಮಕ್ಕಳಿಗೆ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಅಹಮದಾಬಾದಿಗೆ ಹೋದ ಕವಲಿನಲ್ಲಿ ಬೆಳೆದವರು ಜೆ.ಎನ್. ಗೋಸ್ವಾಮಿ. 2008ರ ಅಕ್ಟೋಬರ್ 22ರಂದು ಹಾರಿದ ಚಂದ್ರಯಾನ-1ರ ಪ್ರಧಾನ ವಿಜ್ಞಾನಿ ಅವರೇ. ಆ ನೌಕೆಯ ಮಾತು ಕೇಳಲೆಂದು ಬೆಂಗಳೂರು ಹೊರವಲಯದ ಬ್ಯಾಲಾಳುವಿನಲ್ಲಿ 32 ಮೀಟರ್ ಅಗಲದ ಆಂಟೆನಾ ಎದ್ದಿತು. ಅಪೋಲೊ ನಿಂತ ಮೂರೂವರೆ ದಶಕಗಳ ಮೇಲೆ ಭಾರತ ಥಟ್ಟನೆ ಚಂದ್ರನತ್ತ ಮುಖ ಮಾಡಿತು ಎಂದು ಬರೆಯುವವರು ನಡುವಿನ ಈ ಪ್ರಯೋಗಾಲಯಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

2040ರೊಳಗೆ ಚಂದ್ರನ ಮೇಲೆ ಭಾರತೀಯನನ್ನು ಇಳಿಸುವ ಗುರಿಯನ್ನು ಸರಕಾರ 2023ರಲ್ಲಿ ಘೋಷಿಸಿತು. ಅದಕ್ಕೆ ಮುನ್ನ ಮಣ್ಣು ತರುವ ಕೆಲಸ ಚಂದ್ರಯಾನ-4ರದು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಅದಕ್ಕೆ 2,104 ಕೋಟಿ ರೂಪಾಯಿ ಮಂಜೂರು ಮಾಡಿದೆ. ಅಮೆರಿಕದ ಮಟ್ಟಿಗೆ ಮೊದಲ ಮಣ್ಣು ಬಂದದ್ದು ಯಾತ್ರಿಯ ಕೈಯಲ್ಲಿ. ಇಲ್ಲಿ ಆ ಕೆಲಸ ಮೊದಲು ಯಂತ್ರದ ಪಾಲಿಗೆ ಬಂದಿದೆ, ಹಾಗಾಗಿ ಸ್ಕಾಟ್ ಬೈರಿಗೆಯಿಂದ ಸಾಧಿಸಿದಂತೆ ಪದರ ಕದಡದೆ ಮಣ್ಣು ಎತ್ತುವ ಹೊಣೆಯೂ ಅದರದೇ.