ಹೊಳೆ ದಾಟಿದ್ರೆ ಕಾಯ್ದೆ ಇಲ್ಲ: ಶಾರದಾ ಕಾಯ್ದೆಯನ್ನು ವಿರೋಧಿಸಿದವರ ಕಥೆ

ಎಂದಿನ ಹಾಗೆ ಕೊಂಡಾಪುರದಿಂದಲೇ ಮಾತಾಡ್ತಿದ್ದೀನಿ. ಇವತ್ತಿನ ಕಥೆಗೂ ಈ ಜಾಗಕ್ಕೂ ಒಂದು ನಂಟಿದೆ, ಅದನ್ನ ಆಮೇಲೆ ಹೇಳ್ತೀನಿ.

ಶಾರದಾ ಕಾಯ್ದೆ ಅಂದ ತಕ್ಷಣ ಶಾರದಾ ಅನ್ನೋ ಹೆಣ್ಣುಮಗಳು ನೆನಪಾಗೋದು ಸಹಜ. ಆದ್ರೆ ಅದು ಅಜ್ಮೀರದ ಹರ್ ಬಿಲಾಸ್ ಶಾರದಾ ಅವರ ಮನೆತನದ ಹೆಸರು. 1927ರಲ್ಲಿ ಅವರು ಬಾಲ್ಯವಿವಾಹ ತಡೆಯೋ ಮಸೂದೆ ತಂದ್ರು. 1929ರಲ್ಲಿ ಅದು ಪಾಸಾಯ್ತು. ಹುಡುಗಿಗೆ 14, ಹುಡುಗನಿಗೆ 18 ತುಂಬಿರಬೇಕು. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನ ನಿಷೇಧಿಸಿತ್ತು ಅನ್ನೋದನ್ನೂ ನೆನಪಿಡಿ.

ಈ ಮಸೂದೆಗಾಗಿ ಓಡಾಡಿದವರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ, ಮದ್ರಾಸಿನ ಡಾ. ಮುತ್ತುಲಕ್ಷ್ಮಿ ರೆಡ್ಡಿ ಇದ್ದರು. ವಿರೋಧಿಸಿದವರು ಯಾರು? ಒಂದು ಕಡೆ ಮದ್ರಾಸಿನ ಎಂ.ಕೆ. ಆಚಾರ್ಯರಂಥ ಹಿಂದೂ ಸಂಪ್ರದಾಯಸ್ಥರು. ಇನ್ನೊಂದು ಕಡೆ ಜಮಿಯತ್ ಉಲೇಮಾ, ಮೌಲಾನಾ ಮೊಹಮ್ಮದ್ ಅಲಿ. ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡದವರು ಈ ವಿಷಯದಲ್ಲಿ ಮಾತ್ರ ಒಂದೇ ಮಾತಾಡಿದರು: ನಮ್ಮ ಮನೆಯೊಳಗೆ ಸರ್ಕಾರ ಕೈಹಾಕಬಾರದು. ಹಾಗಂತ ಆ ಸಮುದಾಯಗಳೆಲ್ಲ ವಿರೋಧಿಸಿದವು ಅಂದ್ಕೋಬೇಡಿ. ಜಿನ್ನಾ ಮಸೂದೆಯ ಪರವಾಗಿದ್ದರು. ಮುಸ್ಲಿಂ ಮಹಿಳೆಯರೂ ಇದಕ್ಕೆ ಬೆಂಬಲ ಕೊಟ್ಟಿದ್ದರು.

ಕಾಯ್ದೆ ಜಾರಿಗೆ ಬಂದದ್ದು 1930ರ ಏಪ್ರಿಲ್ 1ಕ್ಕೆ. ಪಾಸಾಗಿದ್ದಕ್ಕೂ ಜಾರಿಗೂ ನಡುವೆ ಆರು ತಿಂಗಳು. ಆ ಆರು ತಿಂಗಳಲ್ಲಿ ದೇಶದ ತುಂಬ ಮದುವೆಗಳ ಸುಗ್ಗಿ! 1931ರ ಜನಗಣತಿ ನೋಡಿದ್ರೆ, ಐದು ವರ್ಷದೊಳಗಿನ 'ಹೆಂಡತಿ'ಯರ ಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಸುಮಾರು ನಾಲ್ಕು ಪಟ್ಟಾಗಿತ್ತು.

ಈಗ ಕೊಂಡಾಪುರದ ನಂಟಿಗೆ ಬರೋಣ. ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕಷ್ಟೇ ಅನ್ವಯಿಸ್ತಿತ್ತು. ನಾನೀಗ ಕೂತಿರೋ ಜಾಗ ಅವತ್ತು ನಿಜಾಮರ ಸೀಮೆ. ಹಾಗೇ ರಾಯಚೂರು, ಕಲಬುರಗಿ, ಬೀದರ್ ಕೂಡ. ಹಂಪಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ತೆಪ್ಪ ಹತ್ತಿ ತುಂಗಭದ್ರೆ ದಾಟಿದ್ರೆ ಆನೆಗೊಂದಿ, ಅದು ನಿಜಾಮರದು. ಈ ದಡದಲ್ಲಿ ಅಪರಾಧ, ಆ ದಡದಲ್ಲಿ ಅಲ್ಲ. ಇಂಥ ಗಡಿಗಳನ್ನ ಜನ ಚೆನ್ನಾಗಿಯೇ ಬಳಸಿಕೊಂಡರು. ಮಕ್ಕಳನ್ನ ಕರ್ಕೊಂಡು ಸಂಸ್ಥಾನಗಳಿಗೆ ಹೋದರು, ಫ್ರೆಂಚರ ಊರುಗಳಿಗೆ ಹೋದರು. ಗೋದಾವರಿ ತೀರದಲ್ಲಿ ಫ್ರೆಂಚರ ಯಾನಂ ಇದೆಯಲ್ಲ, ಅಲ್ಲಿ ಎಷ್ಟು ಮದುವೆ ನಡೆದವು ಅಂದ್ರೆ ಆ ಊರಿಗೆ ಕಲ್ಯಾಣಪುರಂ ಅಂತಲೇ ಹೆಸರು ಬಿತ್ತು.

ಗಡಿಯೊಳಗೇ ಇದ್ದವರಿಗೂ ದೊಡ್ಡ ಭಯ ಇರಲಿಲ್ಲ. ಯಾರಾದ್ರೂ ದೂರು ಕೊಟ್ಟರಷ್ಟೇ ಕೇಸು. ದೂರು ಕೊಟ್ಟವರಿಂದಲೇ ನೂರು ರೂಪಾಯಿವರೆಗೆ ಜಾಮೀನು ಕೇಳಬಹುದಿತ್ತು. ಶಿಕ್ಷೆ ಹೆಚ್ಚೆಂದರೆ ಒಂದು ತಿಂಗಳ ಸಜೆ, ಸಾವಿರ ರೂಪಾಯಿ ದಂಡ. ಇಷ್ಟಾದ ಮೇಲೂ ಮದುವೆ ಮಾತ್ರ ಊರ್ಜಿತ! ಬ್ರಿಟಿಷ್ ಪ್ರಜೆಗಳು ಸಂಸ್ಥಾನಕ್ಕೆ ಹೋಗಿ ಮದುವೆ ಮಾಡಿದ್ರೂ ಕಾಯ್ದೆ ತಟ್ಟೋ ಹಾಗೆ ತಿದ್ದುಪಡಿ ಆಗೋಕೆ 1938 ಬರಬೇಕಾಯ್ತು.

ಇದು ಹಳೇ ಕಥೆ ಅನ್ನಿಸಬಹುದು. 1994ರಲ್ಲಿ ಕೈರೋದಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ಸಮ್ಮೇಳನ ನಡೆದಾಗ, ಗರ್ಭಪಾತದ ವಿಷಯದಲ್ಲಿ ವ್ಯಾಟಿಕನ್ ಮತ್ತು ಕೆಲವು ಮುಸ್ಲಿಂ ದೇಶಗಳು ಒಂದೇ ಕಡೆ ನಿಂತವು. 1997ರಲ್ಲಿ ಪ್ರಾಗ್‌ನಲ್ಲಿ ಶುರುವಾದ ವರ್ಲ್ಡ್ ಕಾಂಗ್ರೆಸ್ ಆಫ್ ಫ್ಯಾಮಿಲೀಸ್ ಹಲವು ದೇಶಗಳ ಸಂಪ್ರದಾಯವಾದಿಗಳನ್ನ ಒಂದು ವೇದಿಕೆಗೆ ತಂತು. 'ನಮ್ಮ ಸಂಸ್ಕೃತಿ, ನಮ್ಮ ಮನೆ' ಅನ್ನೋ ಮಾತು ಗಡಿ ಕಾಯೋ ಮಾತಿನ ಹಾಗೆ ಕೇಳಿಸುತ್ತೆ. ಆದ್ರೆ ಅದನ್ನ ಆಡೋರು ಗಡಿ ದಾಟೋದರಲ್ಲಿ ಯಾವತ್ತೂ ಹಿಂದೆ ಬಿದ್ದಿಲ್ಲ. ಆ ಗಡಿಯನ್ನ ತಾನಾಗಿ ದಾಟೋಕೆ ಆಗದೇ ಇದ್ದದ್ದು ತೊಡೆ ಮೇಲೆ ಕೂತ ಆ ಮಗು ಒಂದೇ.

ನಿಮ್ಮ ಮುತ್ತಜ್ಜಿಯ ಮದುವೆ ಯಾವ ವರ್ಷ, ಯಾವ ಊರಲ್ಲಿ ಆಯ್ತು ಅಂತ ಮನೆಯ ಹಿರಿಯರನ್ನ ಒಮ್ಮೆ ಕೇಳಿ ನೋಡಿ. 1930ರ ಆಸುಪಾಸಿನದಾದ್ರೆ, ತಿಂಗಳನ್ನೂ ಕೇಳಿ. ಮತ್ತೆ ಸಿಗೋಣ.