ಧ್ರುವಪ್ರಭೆ ಎಲ್ಲಿ, ಯಾವಾಗ? ಬೆಟ್ಟದ ಮೇಲೆ ಕಾದವರ ಕಥೆ

ಹೋದ ಜನವರಿಯಲ್ಲಿ ಆನ್‌ಸೈಟ್ ಕೆಲಸದ ನಡುವೆ ರಜೆ ಹಾಕಿ ನಾರ್ವೆಯ ಟ್ರೋಮ್ಸೋಗೆ ಹೋಗಿದ್ದೆ, ಧ್ರುವಪ್ರಭೆ ನೋಡಲು. ನಾಲ್ಕು ರಾತ್ರಿಯೂ ಮೋಡ. ಕಂಡಿದ್ದು ಹಿಮ, ಮತ್ತೆ ಕರಗುತ್ತಿದ್ದ ನನ್ನ ಬ್ಯಾಂಕ್ ಬ್ಯಾಲೆನ್ಸ್ :-) ವಾಪಸ್ ಬಂದು 'ಎಲ್ಲಿ ತಪ್ಪಾಯ್ತು' ಅಂತ ಓದುತ್ತಾ ಕೂತೆ. ಬಗ್ ಹುಡುಕುವವರ ಚಟ ನೋಡಿ! ಆಗ ಸಿಕ್ಕವನು ಕ್ರಿಸ್ಟಿಯಾನ್ ಬಿರ್ಕೆಲಾಂಡ್. ಎಲ್ಲಿ, ಯಾವಾಗ, ಯಾಕೆ ಎಂಬ ಪ್ರಶ್ನೆಗಳಿಗೇ ಆಯುಷ್ಯ ತೆತ್ತ ಮನುಷ್ಯ.

ಉತ್ತರಕ್ಕೆ ಹೋದಷ್ಟೂ ಚೆನ್ನಾಗಿ ಕಾಣುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಅದು ತಪ್ಪು ಅಂತ 1860ರಲ್ಲೇ ಅಮೆರಿಕದ ಎಲಿಯಾಸ್ ಲೂಮಿಸ್ ನಕ್ಷೆ ಬರೆದು ತೋರಿಸಿದ್ದ. ಧ್ರುವಪ್ರಭೆ ಹೆಚ್ಚಾಗಿ ಕಾಣುವುದು ಭೂಮಿಯ ಕಾಂತಧ್ರುವವನ್ನು ಬಳೆಯಂತೆ ಸುತ್ತಿದ ಒಂದು ಪಟ್ಟಿಯಲ್ಲಿ. ಬಳೆಯ ನಡುವೆ ಹೋಗಿ ನಿಂತರೆ ಮತ್ತೆ ಕಡಿಮೆ. ಟ್ರೋಮ್ಸೋ, ಆಲ್ಟಾ, ಸ್ವೀಡನ್ನಿನ ಅಬಿಸ್ಕೋ, ಅಲಾಸ್ಕಾದ ಫೇರ್‌ಬ್ಯಾಂಕ್ಸ್, ಕೆನಡಾದ ಯೆಲ್ಲೋನೈಫ್ ಎಲ್ಲ ಈ ಬಳೆಯ ಕೆಳಗೇ ಇವೆ.

ಆದರೆ ಬೆಳಕು ಎಷ್ಟು ಎತ್ತರದಲ್ಲಿದೆ? ಬೆಟ್ಟದ ನೆತ್ತಿಯವರೆಗೂ ಇಳಿದು ಬರುತ್ತದೆ ಅನ್ನುವವರಿದ್ದರು. ನೋಡಿಯೇ ಬಿಡೋಣ ಅಂತ 1899ರಲ್ಲಿ ಬಿರ್ಕೆಲಾಂಡ್ ಆಲ್ಟಾ ಹತ್ತಿರದ ಸುಮಾರು 900 ಮೀಟರ್ ಎತ್ತರದ ಹಾಲ್ಡೆ ಬೆಟ್ಟ ಹತ್ತಿದ. ಅಲ್ಲೊಂದು, ಪಕ್ಕದ ಶಿಖರದಲ್ಲಿ ಇನ್ನೊಂದು ಪುಟ್ಟ ಕಲ್ಲಿನ ಮನೆ. ಎರಡೂ ಕಡೆಯಿಂದ ಒಂದೇ ಹೊತ್ತಿಗೆ ನೋಡಿ ಕೋನ ಅಳೆದರೆ ಎತ್ತರ ಸಿಗಬೇಕು, ಹೈಸ್ಕೂಲಿನ ತ್ರಿಕೋನಮಿತಿ. ಶಿಖರಗಳ ನಡುವಿನ ದೂರ ಮೂರೂವರೆ ಕಿಲೋಮೀಟರ್ ಕೂಡ ಇರಲಿಲ್ಲ, ಲೆಕ್ಕ ಕೂಡಿ ಬರಲಿಲ್ಲ. ಆ ಚಳಿಗಾಲದಲ್ಲೇ ತಂಡದ ಯುವಕ ಎಲಿಸಾರ್ ಬೋಯೆ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡ. ನನ್ನ ನಾಲ್ಕು ರಾತ್ರಿಯ ಗೋಳು ಇದನ್ನು ಓದಿದ ಮೇಲೆ ನನಗೇ ನಾಚಿಕೆ ತಂದಿತು. (ಮುಂದೆ 1910ರಿಂದ ಕಾರ್ಲ್ ಸ್ಟೋರ್ಮರ್ ಎರಡು ಜಾಗಗಳಿಂದ ಒಂದೇ ಕ್ಷಣಕ್ಕೆ ಫೋಟೋ ತೆಗೆದು ಎತ್ತರ ಅಳೆದ: ಕೆಳ ಅಂಚೇ ಸುಮಾರು 100 ಕಿ.ಮೀ. ಮೇಲೆ!)

ಬಿರ್ಕೆಲಾಂಡ್ ಬಿಡಲಿಲ್ಲ. ಗಾಳಿ ತೆಗೆದ ಗಾಜಿನ ಪೆಟ್ಟಿಗೆಯೊಳಗೆ ಕಾಂತದ ಗೋಲವೊಂದನ್ನು ತೂಗುಹಾಕಿ ಅದರ ಮೇಲೆ ಎಲೆಕ್ಟ್ರಾನ್ ಕಿರಣ ಬಿಟ್ಟ. ಗೋಲದ ಎರಡೂ ಧ್ರುವಗಳ ಸುತ್ತ ಬೆಳಕಿನ ಬಳೆ ಮೂಡಿತು! ಪುಟ್ಟ ಭೂಮಿ, ಪುಟ್ಟ ಧ್ರುವಪ್ರಭೆ. ಸೂರ್ಯನಿಂದ ಬರುವ ಕಣಗಳೇ ಕಾರಣ, ಕಾಂತರೇಖೆಗಳ ಗುಂಟ ವಿದ್ಯುತ್ ಹರಿಯುತ್ತದೆ ಅಂದ. ಕಾಂತ ಚಂಡಮಾರುತಗಳಿಗೆ ಸೂರ್ಯ ಕಾರಣನಲ್ಲ ಅಂತ 1892ರಲ್ಲೇ ದೊಡ್ಡವರಾದ ಲಾರ್ಡ್ ಕೆಲ್ವಿನ್ ಹೇಳಿಯಾಗಿತ್ತು. ಬ್ರಿಟನ್ನಿನಲ್ಲಿ ಯಾರೂ ಕಿವಿಗೊಡಲಿಲ್ಲ. ಬಿರ್ಕೆಲಾಂಡ್ 1917ರಲ್ಲಿ ಟೋಕಿಯೋದ ಹೋಟೆಲೊಂದರಲ್ಲಿ ಸತ್ತಾಗ 49 ವರ್ಷ. 1960-70ರ ದಶಕಗಳಲ್ಲಿ ಉಪಗ್ರಹಗಳು ಆ ವಿದ್ಯುತ್ತನ್ನು ಅಳೆದವು, ಈಗ ಅದಕ್ಕೆ ಅವನದೇ ಹೆಸರು. ಅವನು ಹೇಳಿದ್ದೆಲ್ಲ ಸರಿಯಲ್ಲ ಬಿಡಿ. ಸೂರ್ಯನ ಕಣಗಳು ನೇರವಾಗಿ ಬಂದು ಬೀಳುವುದಿಲ್ಲ. ಸೌರಮಾರುತ ಭೂಮಿಯ ಕಾಂತಕ್ಷೇತ್ರವನ್ನು ಕೆದಕುತ್ತದೆ, ಅಲ್ಲಿ ವೇಗ ಪಡೆದ ಎಲೆಕ್ಟ್ರಾನುಗಳು ಕೆಳಗಿಳಿದು ಆಮ್ಲಜನಕ, ಸಾರಜನಕಗಳನ್ನು ಬೆಳಗಿಸುತ್ತವೆ.

ಈಗ ಯಾವಾಗ? ಟ್ರೋಮ್ಸೋದಲ್ಲಿ ಮೇ ನಡುವಿನಿಂದ ಜುಲೈ ಕೊನೆಯವರೆಗೆ ಸೂರ್ಯ ಮುಳುಗುವುದೇ ಇಲ್ಲ, ಹಾಗಾಗಿ ಬೇಸಿಗೆ ಬೇಡ. ಸೆಪ್ಟೆಂಬರಿನಿಂದ ಮಾರ್ಚ್ ಸರಿ. ಹಗಲು ರಾತ್ರಿ ಸಮನಾಗುವ ಆಸುಪಾಸಿನಲ್ಲಿ ಕಾಂತಕ್ಷೇತ್ರ ಹೆಚ್ಚು ಕಲಕುತ್ತದೆ ಎಂಬುದಕ್ಕೆ 1973ರಲ್ಲಿ ರಸೆಲ್ ಮತ್ತು ಮೆಕ್‌ಫೆರನ್ ಕಾರಣ ಕೊಟ್ಟಿದ್ದಾರೆ. ರಾತ್ರಿ ಹತ್ತರಿಂದ ಎರಡರವರೆಗೆ ಒಳ್ಳೆಯ ಹೊತ್ತು. ಇದನ್ನೆಲ್ಲ ನಾನು ಪಾಲಿಸಿದ್ದೆ. ಮರೆತದ್ದು ಮೋಡ! ಟ್ರೋಮ್ಸೋ ಕರಾವಳಿ ಊರು. ಅಬಿಸ್ಕೋ ಬೆಟ್ಟಗಳ ಮರೆಯಲ್ಲಿದೆ, ಮಳೆ ಕಡಿಮೆ, ಆಕಾಶ ತೆರೆದಿರುವುದು ಹೆಚ್ಚು.

ಅಂದ ಹಾಗೆ, ನಮ್ಮಲ್ಲಿ? 1872ರ ಫೆಬ್ರವರಿ 4ರಂದು ಮುಂಬಯಿಯಲ್ಲಿ ಧ್ರುವಪ್ರಭೆ ಕಂಡ ವರದಿ ಇದೆ. ಅಲ್ಲಿನ ಕೊಲಾಬಾ ವೀಕ್ಷಣಾಲಯ 1859ರ ದೊಡ್ಡ ಚಂಡಮಾರುತವನ್ನೂ ದಾಖಲಿಸಿತ್ತು. (ಮುಂಬಯಿಗೆ ವಿದ್ಯುತ್ ಟ್ರಾಂ ಬರುತ್ತದೆ, ಅಳತೆ ಕೆಡುತ್ತದೆ ಅಂತ ಅದರ ಕಾಂತಮಾಪನ ಕೆಲಸ 1904ರಲ್ಲಿ ಅಲಿಬಾಗಿಗೆ ಹೋಯಿತು!) 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ದಿಗಂತ ಕೆಂಪಾಯಿತು. ಕ್ಯಾಮೆರಾದಲ್ಲಿ ಹಿಡಿದದ್ದು ನಮ್ಮ ಕೋರಮಂಗಲದ ಖಭೌತ ವಿಜ್ಞಾನ ಸಂಸ್ಥೆಯವರ ವೀಕ್ಷಣಾಲಯ. ಹಸಿರು ಕೆಳಗಿನ ಬಣ್ಣ, ಕೆಂಪು 200 ಕಿ.ಮೀ.ಗೂ ಮೇಲಿನದು. ಅಷ್ಟು ದೂರದಿಂದ ಬಾಗಿದ ಭೂಮಿಯಾಚೆ ಕಾಣುವುದು ಮೇಲಿನ ಕೆಂಪು ಮಾತ್ರ.

ನಾನಂತೂ ಮುಂದಿನ ಮಾರ್ಚಿಗೆ ಅಬಿಸ್ಕೋ ಟಿಕೆಟ್ ನೋಡುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಹೋಗಿ ಬಂದಿದ್ದರೆ, ಕಾಲುಚೀಲ ಎಷ್ಟು ಜೊತೆ ಬೇಕು ಅಂತ ದಯವಿಟ್ಟು ಹೇಳಿ.