ಡಂಬಳದ ತಾರೆ ಮತ್ತು ಹಾವಿನ ಭಯ

ಡಂಬಳಕ್ಕೆ ಹೋದವರು ದೊಡ್ಡಬಸಪ್ಪನ ಗುಡಿ ನೋಡಿ ಮರಳುತ್ತಾರೆ. ನನ್ನನ್ನು ಹಿಡಿದದ್ದು ಅದೇ ಊರಿನ 1095ರ ಬೌದ್ಧ ಶಾಸನ. ಸಿಂಹ, ಬೆಂಕಿ, ಆನೆ, ಕಳ್ಳರ ಭಯದ ಜೊತೆಗೆ ಹಾವಿನ ಭಯವನ್ನೂ ಕಳೆಯುವವಳೆಂದು ಅಲ್ಲಿ ತಾರಾದೇವಿಗೆ ವಂದನೆಯಿದೆ. ಈ ಕೆಲಸವೂ ಹೆಣ್ಣುದೇವತೆಗೇ ಬಿತ್ತು ನೋಡಿ!

ಎಂಟುನೂರು ವರ್ಷಗಳಾದ ಮೇಲೆ, 1890ರ ದಶಕದಲ್ಲಿ, ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ನಾಗರವಿಷಕ್ಕೆ ಪ್ರತಿವಿಷ ಸಿದ್ಧಪಡಿಸಿದ. ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಿಂದ ತೆಗೆದ ಮದ್ದು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಕೊಡುವುದೂ ಅದೇ ಬಗೆಯದು.

ಕಟ್ಟುಹಾವು ಮಾತ್ರ ಮೋಸದ್ದು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೂ ಅಷ್ಟಿಲ್ಲ, ಬಾವೂ ಇಲ್ಲ. ಬೆಳಗಿನ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಮೇಲೇಳುವುದಿಲ್ಲ. ನಿದ್ದೆಗಣ್ಣೆಂದು ಸುಮ್ಮನಾದರೆ ಉಸಿರೇ ನಿಂತೀತು. ಗಾಯ ಕೊಯ್ಯದೆ, ಬಿಗಿದು ಕಟ್ಟದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹಾವು ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಕರ್ನಾಟಕ ಸರಕಾರ ಹೇಳಿದ್ದು 2024ರಲ್ಲಿ.